ಮೊದಲ ಸಂಜೆಯ ಬೆಲೆ: ಹೊಸ ಗೇಮ್ ಕನ್ಸೋಲ್ ಮನೆಮನೆ ತಲುಪುತ್ತದೆಯೇ ಎಂದು ಲೆಕ್ಕ ಹಾಕುವ ಬಗೆ

ಗೃಹಬಳಕೆಯ ಯಂತ್ರಗಳನ್ನು ತಯಾರಿಸುವ ಸಂಸ್ಥೆಯೊಂದರಲ್ಲಿ ಬೆಲೆ ನಿಗದಿ ಮಾಡುವ ವಿಭಾಗದಲ್ಲಿ ಹದಿನಾರು ವರ್ಷ ಕೆಲಸ ಮಾಡಿದ್ದೇನೆ. ಯಂತ್ರದ ಮೇಲೆ ಯಾವ ಅಂಕಿ ಬರೆದರೆ ಎಷ್ಟು ಮನೆಗಳ ಬಾಗಿಲು ತೆರೆಯುತ್ತದೆ ಎಂದು ಅಂದಾಜು ಮಾಡುವುದೇ ನನ್ನ ಕೆಲಸವಾಗಿತ್ತು. ವಿಡಿಯೊ ಗೇಮ್ ನನ್ನ ಬಾಲ್ಯದಿಂದಲೂ ಬಂದ ಪ್ರೀತಿ. ಅದನ್ನು ಆಡುವ ಯಂತ್ರವೇ ಕನ್ಸೋಲ್. ಇವೆರಡೂ ಕೂಡಿ ಒಂದು ನೋಟ್‌ಬುಕ್ ಬೆಳೆದಿದೆ. ಅದರ ಎಡಪುಟದಲ್ಲಿ ಪ್ರತಿ ಕನ್ಸೋಲ್‌ನ ಬಿಡುಗಡೆ ಬೆಲೆ, ಬಲಪುಟದಲ್ಲಿ ಅದು ಕೊನೆಗೆ ಎಷ್ಟು ಮನೆ ಸೇರಿತು ಎಂಬ ಲೆಕ್ಕ. ಹೊಸ ಕನ್ಸೋಲ್‌ನ ಬೆಲೆ ಪ್ರಕಟವಾದ ದಿನ ಗೆಳೆಯರು ಫೋನ್ ಮಾಡಿ "ಇದು ಓಡುತ್ತದೆಯೇ?" ಎಂದು ಕೇಳುತ್ತಾರೆ. ಉತ್ತರ ಹೇಳುವ ಮೊದಲು ನಾನು ಹಾಕುವ ಲೆಕ್ಕವನ್ನು ಇಲ್ಲಿ ಬರೆದಿಟ್ಟಿದ್ದೇನೆ. ಬೇರೆ ದೇಶದ ಹೆಸರು ಹೇಳದ ಕಡೆ ಬೆಲೆಗಳು ಅಮೆರಿಕದ ಮಾರುಕಟ್ಟೆಯವು. ಮೂವತ್ತಕ್ಕೂ ಹೆಚ್ಚು ವರ್ಷಗಳ ಕನ್ಸೋಲ್‌ಗಳನ್ನು ಒಂದೇ ಅಳತೆಯಲ್ಲಿ ಹೋಲಿಸಲು ಅದೇ ಅನುಕೂಲ.

ಪೆಟ್ಟಿಗೆಯ ಬೆಲೆಯ ಮೇಲೆ ಗೆರೆ ಎಳೆಯಿರಿ

ಪ್ರಕಟಣೆಯಲ್ಲಿ ದೊಡ್ಡದಾಗಿ ಕಾಣುವ ಅಂಕಿ ಪೆಟ್ಟಿಗೆಯ ಬೆಲೆ. ಅದನ್ನು ಬರೆದುಕೊಂಡು ಅದರ ಮೇಲೊಂದು ಗೆರೆ ಎಳೆಯಿರಿ. ಅದರ ಪಕ್ಕದಲ್ಲಿ ಇನ್ನೊಂದು ಅಂಕಿ ಬರೆಯಬೇಕು. ಕನ್ಸೋಲ್ ಮನೆಗೆ ಬಂದ ದಿನವೇ ಮನೆಯವರು ಕುಳಿತು ಆಡಬೇಕು, ಆಡಿದ್ದು ಉಳಿಯಬೇಕು, ಮರುದಿನ ಅಲ್ಲಿಂದಲೇ ಮುಂದುವರಿಸಲು ಸಾಧ್ಯವಾಗಬೇಕು. ಇಷ್ಟಕ್ಕೆ ಒಟ್ಟು ಎಷ್ಟು ಹಣ ಬೇಕೋ ಅದನ್ನು ನಾನು ಮೊದಲ ಸಂಜೆಯ ಬೆಲೆ ಎನ್ನುತ್ತೇನೆ.

ಇದನ್ನು ನನಗೆ ಕಲಿಸಿದವಳು ನನ್ನ ಅಕ್ಕ. ನನ್ನ ಮಾತು ಕೇಳಿ ಅವಳು ಮಗನಿಗೆ ಕನ್ಸೋಲ್ ಕೊಡಿಸಿದ್ದಳು. ಹುಡುಗ ನಾಲ್ಕು ಗಂಟೆ ಮೈಮರೆತು ಆಡಿದ. ಮೆಮೊರಿ ಕಾರ್ಡನ್ನು ಬೇರೆಯಾಗಿ ಕೊಳ್ಳಬೇಕೆಂದು ಮಾರಿದವರು ಹೇಳಿರಲಿಲ್ಲ. ಹೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಸ್ವಿಚ್ ಆರಿಸಿದ ಕೂಡಲೇ ನಾಲ್ಕು ಗಂಟೆಯ ಆಟ ಅಳಿಸಿಹೋಯಿತು. ರಾತ್ರಿ ಅಕ್ಕ ಫೋನ್ ಮಾಡಿದಾಗ ಅವನು ಅಳುವುದು ಹಿಂದಿನಿಂದ ಕೇಳಿಸುತ್ತಿತ್ತು. "ನೀನು ಹೇಳಿದ್ದು ಪೆಟ್ಟಿಗೆಯ ಬೆಲೆ. ಇದರ ನಿಜವಾದ ಬೆಲೆ ಎಷ್ಟು, ಅದನ್ನು ಹೇಳು" ಎಂದಳು. ಬೆಲೆ ನಿಗದಿ ಮಾಡುವುದನ್ನೇ ಉದ್ಯೋಗ ಮಾಡಿಕೊಂಡಿದ್ದ ನನ್ನ ಬಳಿ ಉತ್ತರವಿರಲಿಲ್ಲ.

ಈಗ ಈ ಅಳತೆಯಲ್ಲಿ ಹಳೆಯ ಪುಟಗಳನ್ನು ನೋಡಿ. 2005ರಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಎರಡು ಬೆಲೆಗಳಲ್ಲಿ ಬಂತು: 299 ಮತ್ತು 399 ಡಾಲರ್. 299ರ ಪೆಟ್ಟಿಗೆಯಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಆಟವನ್ನು ಉಳಿಸಿಡಲು ಮೆಮೊರಿ ಯೂನಿಟ್ ಬೇರೆ ಕೊಳ್ಳಬೇಕಿತ್ತು, ಆಟದ ಡಿಸ್ಕ್ ಅದಕ್ಕೂ ಬೇರೆ. 299 ಎಂಬುದು ಜಾಹೀರಾತಿನ ಅಂಕಿಯಾಗಿತ್ತೇ ಹೊರತು ಮನೆಯ ಅಂಕಿಯಾಗಿರಲಿಲ್ಲ. ಮರುವರ್ಷ ನವೆಂಬರ್‌ನಲ್ಲಿ ನಿಂಟೆಂಡೊ ತನ್ನ ವೀ ಕನ್ಸೋಲನ್ನು 249 ಡಾಲರ್ 99 ಸೆಂಟ್‌ಗೆ ತಂದಾಗ ಪೆಟ್ಟಿಗೆಯೊಳಗೇ ವೀ ಸ್ಪೋರ್ಟ್ಸ್ ಆಟವನ್ನು ಇಟ್ಟಿತು. ಪೆಟ್ಟಿಗೆಯಲ್ಲಿದ್ದದ್ದು ಒಂದೇ ರಿಮೋಟ್, ನಿಜ. ಆದರೆ ವೀ ಸ್ಪೋರ್ಟ್ಸ್‌ನಲ್ಲಿದ್ದ ಬೌಲಿಂಗ್, ಅಂದರೆ ಚೆಂಡು ಉರುಳಿಸಿ ಗೂಟ ಬೀಳಿಸುವುದು, ಸರದಿಯ ಆಟ. ರಿಮೋಟ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಾ ಅಜ್ಜಿಯವರೆಗೂ ಹೋಗಬಲ್ಲದು. ಪೆಟ್ಟಿಗೆಯ ಬೆಲೆಯೂ ಮೊದಲ ಸಂಜೆಯ ಬೆಲೆಯೂ ಒಂದೇ ಆಗಿದ್ದ ಅಪರೂಪದ ಕನ್ಸೋಲ್ ಅದು. ಕೊನೆಗೆ 10 ಕೋಟಿಗೂ ಹೆಚ್ಚು ಮಾರಾಟವಾಯಿತು. ಅದಕ್ಕೂ ಹಿಂದೆ, 1989ರಲ್ಲಿ, ಇದೇ ಸಂಸ್ಥೆ ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಜೊತೆ ಟೆಟ್ರಿಸ್ ಆಟ ಇಟ್ಟು ಸುಮಾರು 90 ಡಾಲರ್‌ಗೆ ಮಾರಿತ್ತು.

ತದ್ವಿರುದ್ಧದ ಪುಟ ಪ್ಲೇಸ್ಟೇಷನ್ ವೀಟಾದ್ದು. 249 ಡಾಲರ್‌ನ ಆ ಕೈಯಾಟದ ಯಂತ್ರಕ್ಕೆ ಅದರದೇ ವಿಶೇಷ ಮೆಮೊರಿ ಕಾರ್ಡ್ ಬೇಕಿತ್ತು. ಬೇರೆ ಕಾರ್ಡ್ ಹಿಡಿಯುತ್ತಿರಲಿಲ್ಲ. 32 ಜಿಬಿ ಕಾರ್ಡ್‌ಗೆ ಬಿಡುಗಡೆಯ ಸಮಯದಲ್ಲಿ 100 ಡಾಲರ್. ನಾನು ಇದನ್ನು ಓದಿದಾಗ ಎದೆ ಭಾರವಾಯಿತು, ಏಕೆಂದರೆ ಇದೇ ತಪ್ಪನ್ನು ನಾನು ಕಚೇರಿಯಲ್ಲಿ ಮಾಡಿದ್ದೆ. ನೀರು ಶುದ್ಧ ಮಾಡುವ ಯಂತ್ರವೊಂದಕ್ಕೆ ಬೆಲೆ ತಗ್ಗಿಸಿ, ಆ ಕೊರತೆಯನ್ನು ಬದಲಿಸಬೇಕಾದ ಫಿಲ್ಟರ್‌ನ ಬೆಲೆಯಲ್ಲಿ ತುಂಬಿಸಿದ್ದೆ. ಮೊದಲ ಆರು ತಿಂಗಳು ಯಂತ್ರ ಚೆನ್ನಾಗಿಯೇ ಹೋಯಿತು. ಫಿಲ್ಟರ್ ಬದಲಿಸುವ ದಿನ ಬಂದಾಗ ಕೊಂಡವರು ಮೋಸಹೋದೆವು ಎಂದುಕೊಂಡರು. ಹಾಗೆ ಅಂದುಕೊಂಡ ಮನೆ ಪಕ್ಕದ ಮನೆಗೆ ಶಿಫಾರಸು ಮಾಡುವುದಿಲ್ಲ. ಜನಸಾಮಾನ್ಯರ ಮಾರುಕಟ್ಟೆ ಎಂದರೆ ಪಕ್ಕದ ಮನೆಯೇ.

ಹಾಗಾಗಿ ಹೊಸ ಕನ್ಸೋಲ್‌ಗೆ ಈ ಪಟ್ಟಿ ಮಾಡಿ: ಪೆಟ್ಟಿಗೆ, ಒಂದು ಆಟ, ಎರಡನೆಯ ಕಂಟ್ರೋಲರ್ ಬೇಕಾದರೆ ಅದು, ಸಂಗ್ರಹ ಸಾಲದಿದ್ದರೆ ಕಾರ್ಡ್, ಆನ್‌ಲೈನ್‌ನಲ್ಲಿ ಆಡಲು ಚಂದಾ ಕಡ್ಡಾಯವಾಗಿದ್ದರೆ ಒಂದು ವರ್ಷದ ಚಂದಾ. ಕೂಡಿಸಿ. ಇನ್ನು ಮುಂದಿನ ಎಲ್ಲ ಲೆಕ್ಕಕ್ಕೂ ಇದೇ ಅಂಕಿ.

ಆ ಅಂಕಿಗೆ ಮನೆಯಲ್ಲಿ ಯಾರ ಒಪ್ಪಿಗೆ ಬೇಕು?

ಆಟದ ಹುಚ್ಚಿರುವವರು ಮೊದಲ ವಾರದಲ್ಲಿ ಹೇಗೂ ಕೊಳ್ಳುತ್ತಾರೆ. ಅವರನ್ನು ನೋಡಿ ಏನೂ ತೀರ್ಮಾನಿಸಬೇಡಿ. ನೋಡಬೇಕಾದದ್ದು ಆಟದಲ್ಲಿ ಆಸಕ್ತಿಯೇ ಇಲ್ಲದ, ಆದರೆ ಮನೆಯ ಖರ್ಚು ತೂಗಿಸುವ ವ್ಯಕ್ತಿಯನ್ನು. ಪ್ರತಿ ಮನೆಯಲ್ಲೂ ಕೇಳದೆ ಕೊಳ್ಳಬಹುದಾದ ಮೊತ್ತ ಒಂದಿರುತ್ತದೆ, ಕುಳಿತು ಮಾತಾಡಿ ಕೊಳ್ಳುವ ಮೊತ್ತ ಒಂದಿರುತ್ತದೆ, ಅದರಾಚೆಗೆ "ಮುಂದಿನ ವರ್ಷ ನೋಡೋಣ" ಎನ್ನುವ ಮೊತ್ತ. 299, 399 ಎಂಬಂಥ ಅಂಕಿಗಳು ಕೇವಲ ಒಂದು ಡಾಲರ್ ಉಳಿಸುವ ತಂತ್ರವಲ್ಲ. ಒಂದು ನೂರರಿಂದ ಇನ್ನೊಂದು ನೂರಕ್ಕೆ ಹೋದಾಗ ಮನೆಯ ಮಾತುಕತೆಯೇ ಬದಲಾಗುತ್ತದೆ ಎಂಬುದು ಬೆಲೆ ಕಟ್ಟುವವರಿಗೆ ಗೊತ್ತಿರುವ ಸಂಗತಿ.

ಅದೇ ಕ್ಷಣ ಪಕ್ಕದಲ್ಲಿ ಏನಿದೆ ಎಂಬುದೂ ಮುಖ್ಯ. 1995ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ಮೊದಲ ಇ3 ವಿಡಿಯೊ ಗೇಮ್ ಪ್ರದರ್ಶನದಲ್ಲಿ ಸೆಗಾ ತನ್ನ ಸ್ಯಾಟರ್ನ್ ಕನ್ಸೋಲ್ ಅಂದಿನಿಂದಲೇ 399 ಡಾಲರ್‌ಗೆ ಮಾರಾಟಕ್ಕಿದೆ ಎಂದು ಘೋಷಿಸಿತು. ಆಮೇಲೆ ಪ್ಲೇಸ್ಟೇಷನ್ ತಯಾರಿಸಿದ ಸೋನಿಯ ಸರದಿಯಲ್ಲಿ ಅದರ ಅಮೆರಿಕದ ಗೇಮ್ ವಿಭಾಗದ ಮುಖ್ಯಸ್ಥ ಸ್ಟೀವ್ ರೇಸ್ ವೇದಿಕೆಗೆ ಬಂದು 299 ಎಂಬ ಅಂಕಿಯನ್ನಷ್ಟೇ ಹೇಳಿ ಇಳಿದುಹೋದರು. ಪ್ಲೇಸ್ಟೇಷನ್ ಅಂಗಡಿಗೆ ಬರಲು ಇನ್ನೂ ನಾಲ್ಕು ತಿಂಗಳಿತ್ತು. ಕೈಗೆ ಸಿಗುವ ಸ್ಯಾಟರ್ನ್ ಆ ಕ್ಷಣದಿಂದ ದುಬಾರಿ ಯಂತ್ರವಾಯಿತು. ಅದರೊಳಗಿನ ಒಂದು ತಂತಿಯೂ ಬದಲಾಗಿರಲಿಲ್ಲ. ಪ್ಲೇಸ್ಟೇಷನ್ 10 ಕೋಟಿ ದಾಟಿತು, ಸ್ಯಾಟರ್ನ್ ಒಂದು ಕೋಟಿಯನ್ನೂ ಮುಟ್ಟಲಿಲ್ಲ. ಬೆಲೆಯೊಂದೇ ಕಾರಣವಲ್ಲ, ಸ್ಯಾಟರ್ನ್‌ಗೆ ಆಟ ಬರೆಯುವುದು ಕಷ್ಟವಾಗಿತ್ತು ಎಂಬುದೂ ಸತ್ಯ. ಆದರೂ ಪ್ರತಿಸ್ಪರ್ಧಿಯ ಬೆಲೆ ಗೊತ್ತಾಗುವವರೆಗೆ ನಿಮ್ಮ ಪುಟದಲ್ಲಿ 'ಅಗ್ಗ', 'ದುಬಾರಿ' ಎಂಬ ಪದಗಳನ್ನು ಬರೆಯಬೇಡಿ.

ಬೆಲೆಯೊಳಗೆ ಸೇರಿರುವ ಇನ್ನೊಂದು ವಸ್ತು ಯಾವುದು?

ನನಗೆ ಅತ್ಯಂತ ಕುತೂಹಲದ ಭಾಗ ಇದು. ಕನ್ಸೋಲ್ ದುಬಾರಿಯಾದಾಗ ಅದರೊಳಗೆ ಸಾಮಾನ್ಯವಾಗಿ ಆಟಕ್ಕೆ ಸಂಬಂಧಿಸದ ಏನೋ ಒಂದು ಸೇರಿಕೊಂಡಿರುತ್ತದೆ. ಆ ವಸ್ತುವನ್ನು ಮನೆಯವರು ಅದೇ ವರ್ಷ ಬೇರೆಯಾಗಿ ಕೊಳ್ಳಲು ಹೊರಟಿದ್ದರೇ ಎಂದು ಕೇಳಿ.

ಒಂದೇ ಸಂಸ್ಥೆ, ಸೋನಿ, ಆರು ವರ್ಷಗಳ ಅಂತರದಲ್ಲಿ ಒಂದೇ ಉಪಾಯವನ್ನು ಎರಡು ಸಲ ಮಾಡಿತು. 2000ದ ಮಾರ್ಚ್‌ನಲ್ಲಿ ಜಪಾನ್‌ನಲ್ಲಿ ಪ್ಲೇಸ್ಟೇಷನ್ 2 ಬಂದಾಗ ಬೆಲೆ 39,800 ಯೆನ್. ಆಟದ ಯಂತ್ರಕ್ಕೆ ಕಡಿಮೆಯೇನಲ್ಲ. ಆದರೆ ಅದು ಡಿವಿಡಿ ಓಡಿಸುತ್ತಿತ್ತು, ಬರಿಯ ಡಿವಿಡಿ ಪ್ಲೇಯರ್‌ಗಳಲ್ಲಿ ಹಲವು ಅದಕ್ಕಿಂತ ದುಬಾರಿಯಾಗಿದ್ದವು. ಮನೆಗಳು ಆಗಷ್ಟೇ ವಿಎಚ್‌ಎಸ್ ಟೇಪುಗಳನ್ನು ಬಿಡುತ್ತಿದ್ದವು. ಮನೆಯಲ್ಲಿದ್ದ ಹಳೆಯ ಟಿವಿಗೇ ಡಿವಿಡಿ ಜೋಡಿಸಬಹುದಿತ್ತು, ವ್ಯತ್ಯಾಸ ಕಣ್ಣಿಗೆ ಹೊಡೆದು ಕಾಣುತ್ತಿತ್ತು. ಖರ್ಚು ತೂಗಿಸುವವರಿಗೆ ಅದು ಸಿನಿಮಾ ಯಂತ್ರ, ಮಕ್ಕಳಿಗೆ ಆಟದ ಯಂತ್ರ. ಎರಡು ಖರ್ಚು ಒಂದರಲ್ಲಿ ತೀರಿತು. ಅದು 16 ಕೋಟಿ ಮಾರಾಟವಾಯಿತು.

2006ರಲ್ಲಿ ಪ್ಲೇಸ್ಟೇಷನ್ 3, ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಬ್ಲೂ-ರೇ ಡಿಸ್ಕ್ ಓಡಿಸುವ ಸೌಲಭ್ಯದ ಜೊತೆ ಬಂತು. 20 ಜಿಬಿಯದಕ್ಕೆ 499, 60 ಜಿಬಿಯದಕ್ಕೆ 599 ಡಾಲರ್. ಅದೇ ವರ್ಷ ಅಮೆರಿಕದಲ್ಲಿ ಬಂದ ಮೊದಲ ಬ್ಲೂ-ರೇ ಪ್ಲೇಯರ್‌ಗೆ ಸುಮಾರು 1000 ಡಾಲರ್ ಇತ್ತು. ಕಾಗದದ ಮೇಲೆ ನೋಡಿದರೆ ಪ್ಲೇಸ್ಟೇಷನ್ 2ರ ಲೆಕ್ಕವೇ, ಉಳಿತಾಯ ಅದಕ್ಕಿಂತಲೂ ಹೆಚ್ಚು. ಆದರೆ ಬ್ಲೂ-ರೇಯ ಚಂದ ಕಾಣಲು ಹೈ ಡೆಫಿನಿಷನ್ ಟಿವಿ ಬೇಕಿತ್ತು. ಹೆಚ್ಚಿನ ಮನೆಗಳಲ್ಲಿ ಅದು ಇನ್ನೂ ಬಂದಿರಲಿಲ್ಲ. ಜೊತೆಗೆ ಎಚ್‌ಡಿ ಡಿವಿಡಿ ಎಂಬ ಎದುರಾಳಿ ಇತ್ತು. ಯಾವುದು ಉಳಿಯುತ್ತದೆ ಎಂಬುದು 2008ರ ಆರಂಭದವರೆಗೂ ತೀರ್ಮಾನವಾಗಲಿಲ್ಲ. ಬೇಡದ ವಸ್ತುವಿನ ಮೇಲಿನ ರಿಯಾಯಿತಿ ಯಾರಿಗೂ ಉಳಿತಾಯವಾಗಿ ಕಾಣುವುದಿಲ್ಲ. 2009ರಲ್ಲಿ ತೆಳುವಾದ ಮಾದರಿ 299 ಡಾಲರ್‌ಗೆ ಬಂದ ಮೇಲೆ ಆ ಕನ್ಸೋಲ್ ಚೇತರಿಸಿಕೊಂಡು ಕೊನೆಗೆ 8 ಕೋಟಿ 70 ಲಕ್ಷ ದಾಟಿತು. ಮೊದಲ ಮೂರು ವರ್ಷಗಳನ್ನು ಮಾತ್ರ ಯಾರಿಂದಲೂ ಹಿಂದಿರುಗಿಸಲಾಗಲಿಲ್ಲ.

2013ರ ಎಕ್ಸ್‌ಬಾಕ್ಸ್ ಒನ್ ಇದೇ ಪಾಠದ ಚಿಕ್ಕ ಆವೃತ್ತಿ. ಆಡುವವರ ಚಲನೆಯನ್ನು ಗುರುತಿಸುವ ಕೈನೆಕ್ಟ್ ಕ್ಯಾಮೆರಾ ಕಡ್ಡಾಯವಾಗಿ ಸೇರಿ 499 ಡಾಲರ್; ಪ್ಲೇಸ್ಟೇಷನ್ 4ಕ್ಕೆ 399. ಏಳು ತಿಂಗಳೊಳಗೆ, 2014ರ ಜೂನ್‌ನಲ್ಲಿ, ಕೈನೆಕ್ಟ್ ಇಲ್ಲದ ಪೆಟ್ಟಿಗೆಯನ್ನು 399ಕ್ಕೆ ಮಾರಬೇಕಾಯಿತು. ಅಷ್ಟರಲ್ಲಿ ಗೆಳೆಯರ ಗುಂಪುಗಳು ಯಾವ ಕನ್ಸೋಲ್‌ನಲ್ಲಿ ಒಟ್ಟಿಗೆ ಆಡಬೇಕೆಂದು ನಿರ್ಧರಿಸಿಯಾಗಿತ್ತು. ಹಾಗೆ ಒಮ್ಮೆ ಕಟ್ಟಿದ ಗುಂಪನ್ನು ನೂರು ಡಾಲರ್ ಇಳಿಸಿ ಒಡೆಯುವುದು ಬಹಳ ಕಷ್ಟ.

ನಷ್ಟ ಯಾರ ಜೇಬಿನಿಂದ?

ಪೆಟ್ಟಿಗೆಯನ್ನು ತಯಾರಿಕಾ ವೆಚ್ಚಕ್ಕಿಂತ ಕಡಿಮೆಗೆ ಮಾರಿ, ಪ್ರತಿ ಆಟದ ಮಾರಾಟದಲ್ಲಿ ಬರುವ ರಾಯಲ್ಟಿಯಿಂದ ಅದನ್ನು ತುಂಬಿಕೊಳ್ಳುವುದು ಈ ಉದ್ಯಮದ ಹಳೆಯ ಪದ್ಧತಿ. ಆದ್ದರಿಂದ ಮಾರುವವರಿಗೆ ಆಟಗಳಿಂದ ಆದಾಯ ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. 1993ರ 3ಡಿಒ ಕನ್ಸೋಲ್ 699 ಡಾಲರ್‌ಗೆ ಬಂದದ್ದು ದುರಾಸೆಯಿಂದಲ್ಲ. ವಿನ್ಯಾಸ 3ಡಿಒ ಕಂಪನಿಯದು, ತಯಾರಿಸಿ ಮಾರಿದ್ದು ಪ್ಯಾನಸೋನಿಕ್‌ನಂಥ ಬೇರೆ ಸಂಸ್ಥೆಗಳು. ಆಟಗಳ ರಾಯಲ್ಟಿ 3ಡಿಒಗೆ ಹೋಗುತ್ತಿತ್ತು, ತಯಾರಕರು ಪೆಟ್ಟಿಗೆಯಲ್ಲೇ ಲಾಭ ಕಾಣಬೇಕಿತ್ತು. ಹಾಗಿರುವಾಗ ಕಡಿಮೆ ಬೆಲೆಗೆ ಬಿಡುಗಡೆ ಮಾಡಲು ತಯಾರಕರಿಗೆ ಕಾರಣವಿರಲಿಲ್ಲ. ಮೂರು ವರ್ಷಗಳಲ್ಲಿ ಅದರ ಕಥೆ ಮುಗಿಯಿತು.

ನಷ್ಟಕ್ಕೆ ಮಾರುವುದೂ ಸುಲಭವಲ್ಲ. ಪ್ಲೇಸ್ಟೇಷನ್ 3 ಬಂದ ಆರ್ಥಿಕ ವರ್ಷದಲ್ಲಿ ಸೋನಿಯ ಗೇಮ್ ವಿಭಾಗ 23,230 ಕೋಟಿ ಯೆನ್ ನಷ್ಟ ತೋರಿಸಿತು. ಜನರಿಗೆ ದುಬಾರಿ, ಮಾರುವವರಿಗೂ ನಷ್ಟ: ಇಂಥ ಬೆಲೆ ಕಂಡಾಗ ಅದು ಬೇಗ ಇಳಿಯುವುದಿಲ್ಲ ಎಂದು ಬರೆದುಕೊಳ್ಳಿ. ಇಳಿಸಬೇಕಾದರೆ ಮೊದಲು ಒಳಗಿನ ಬಿಡಿಭಾಗಗಳು ಅಗ್ಗವಾಗಬೇಕು.

ಹಣದುಬ್ಬರದ ಲೆಕ್ಕ ಅರ್ಧ ಮಾತ್ರ ನಿಜ

1995ರ 299 ಡಾಲರ್ ಇಂದಿನ 600 ಡಾಲರ್‌ಗೂ ಹೆಚ್ಚಿಗೆ ಸಮ, ಆದ್ದರಿಂದ ಈಗಿನ ಕನ್ಸೋಲ್‌ಗಳು ಅಗ್ಗವೇ ಎಂಬ ವಾದವನ್ನು ಕೇಳಿರುತ್ತೀರಿ. ಅಂಕಗಣಿತ ಸರಿಯಾಗಿದೆ. ಆದರೆ ಮನೆಯವರು ಹಾಗೆ ಹೋಲಿಸುವುದಿಲ್ಲ. 1995ರ ಮಗುವಿನ ಕೈಯಲ್ಲಿ ಪುಕ್ಕಟೆ ಆಟಗಳ ಫೋನ್ ಇರಲಿಲ್ಲ. ಇಂದು ಫೋರ್ಟ್‌ನೈಟ್, ರೋಬ್ಲಾಕ್ಸ್‌ನಂಥ ಆಟಗಳು ಹಣವಿಲ್ಲದೆ ಶುರುವಾಗುತ್ತವೆ, ಹಳೆಯ ಯಂತ್ರಗಳಲ್ಲೂ ಓಡುತ್ತವೆ. ಹೊಸ ಕನ್ಸೋಲ್‌ನ ಅತಿ ಗಟ್ಟಿ ಎದುರಾಳಿ ಅಂಗಡಿಯಲ್ಲಿಲ್ಲ, ಮನೆಯ ಟಿವಿಯ ಕೆಳಗೇ ಇದೆ. ಆದ್ದರಿಂದ ಹಣದುಬ್ಬರದ ಅಂಕಿಯನ್ನು ಪುಟದ ಮೂಲೆಯಲ್ಲಿ ಬರೆದು, ಅದರ ಎದುರಿಗೆ "ಕೊಳ್ಳದಿದ್ದರೆ ಮಕ್ಕಳು ಏನು ಆಡುತ್ತಾರೆ?" ಎಂಬ ಪ್ರಶ್ನೆಗೆ ಉತ್ತರ ಬರೆಯಿರಿ.

ಅಗ್ಗವಾದರೂ ಸೋತವು

ಬೆಲೆಯೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂದು ನಾನು ಹೇಳಿದರೆ ನನ್ನ ನೋಟ್‌ಬುಕ್ಕೇ ನನ್ನನ್ನು ತಡೆಯುತ್ತದೆ. ಡ್ರೀಮ್‌ಕಾಸ್ಟ್ 1999ರಲ್ಲಿ 199 ಡಾಲರ್. ಎರಡು ವರ್ಷ ತುಂಬುವ ಮೊದಲೇ ಸೆಗಾ ಅದರ ತಯಾರಿಕೆ ನಿಲ್ಲಿಸಿತು. ನಿಂಟೆಂಡೊದ ಗೇಮ್‌ಕ್ಯೂಬ್ 2001ರಲ್ಲಿ 199 ಡಾಲರ್, ಅಂದರೆ ಪ್ಲೇಸ್ಟೇಷನ್ 2 ಮತ್ತು ಎಕ್ಸ್‌ಬಾಕ್ಸ್‌ಗಿಂತ 100 ಡಾಲರ್ ಕಡಿಮೆ. ಮಾರಾಟವಾದದ್ದು 2 ಕೋಟಿ 17 ಲಕ್ಷ. ಅದು ಡಿವಿಡಿ ಸಿನಿಮಾ ಓಡಿಸುತ್ತಿರಲಿಲ್ಲ, ಪ್ಲೇಸ್ಟೇಷನ್ 2ರಷ್ಟು ಆಟಗಳೂ ಅದಕ್ಕೆ ಬರಲಿಲ್ಲ. 2012ರ ವೀ ಯು 299 ಡಾಲರ್‌ನಿಂದ ಶುರುವಾಗಿತ್ತು. ಇದು ಹೊಸ ಕನ್ಸೋಲೋ ಹಳೆಯ ವೀಗೆ ಜೋಡಿಸುವ ಸಲಕರಣೆಯೋ ಎಂಬುದೇ ಅನೇಕರಿಗೆ ತಿಳಿಯಲಿಲ್ಲ. ಏನೆಂದು ತಿಳಿಯದ ವಸ್ತುವಿಗೆ ಯಾವ ಬೆಲೆಯೂ ಕಡಿಮೆಯಲ್ಲ.

ಬೆಲೆಯೂ ಆಟವೂ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ನಿಂಟೆಂಡೊ 3ಡಿಎಸ್‌ಗಿಂತ ಒಳ್ಳೆಯ ಪುಟ ನನ್ನಲ್ಲಿಲ್ಲ. 2011ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ 249 ಡಾಲರ್ 99 ಸೆಂಟ್. ಮಾರಾಟ ಕುಸಿಯಿತು. ಆಗಸ್ಟ್‌ನಲ್ಲೇ 169 ಡಾಲರ್ 99 ಸೆಂಟ್‌ಗೆ ಇಳಿಸಿದರು. ಮೊದಲೇ ಕೊಂಡವರಿಗೆ ಇಪ್ಪತ್ತು ಹಳೆಯ ಆಟಗಳನ್ನು ಉಚಿತವಾಗಿ ಕೊಟ್ಟರು, ಅಧ್ಯಕ್ಷರಾಗಿದ್ದ ಸಟೋರು ಇವಾಟಾ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ವರ್ಷ ಮುಗಿಯುವುದರೊಳಗೆ ಸೂಪರ್ ಮಾರಿಯೊ 3ಡಿ ಲ್ಯಾಂಡ್, ಮಾರಿಯೊ ಕಾರ್ಟ್ 7 ಬಂದವು. ಕೊನೆಗೆ 7 ಕೋಟಿ 59 ಲಕ್ಷ. ಬೆಲೆ ಇಳಿಸಿದ್ದಕ್ಕಿಂತ ಮೊದಲೇ ಕೊಂಡವರನ್ನು ನೆನೆದದ್ದು ನನಗೆ ಹೆಚ್ಚು ಇಷ್ಟ. ನಮ್ಮ ಕಚೇರಿಯಲ್ಲಿ ಬೆಲೆ ಇಳಿಸುವಾಗ ಆ ಜನರ ಮಾತೇ ಬರುತ್ತಿರಲಿಲ್ಲ.

ಇಳಿಯುತ್ತದೆಯೇ, ಏರುತ್ತದೆಯೇ?

ಪ್ಲೇಸ್ಟೇಷನ್ 2 ಅಮೆರಿಕದಲ್ಲಿ 2000ದಲ್ಲಿ 299 ಡಾಲರ್, 2002ರಲ್ಲಿ 199, 2004ರಲ್ಲಿ 149, 2009ರಲ್ಲಿ 99. ಒಂದೊಂದು ಮೆಟ್ಟಿಲು ಇಳಿದಂತೆ ಹೊಸ ಹೊಸ ಮನೆಗಳು ಸೇರಿಕೊಂಡವು. ಜನಸಾಮಾನ್ಯರ ಮಾರುಕಟ್ಟೆ ಈ ಉದ್ಯಮದಲ್ಲಿ ಕಟ್ಟಿಕೊಂಡದ್ದೇ ಹೀಗೆ. ಈಗ ಆ ಮೆಟ್ಟಿಲು ಮಾಯವಾಗಿದೆ. 2020ರಲ್ಲಿ 499 ಡಾಲರ್‌ಗೆ ಬಂದ ಪ್ಲೇಸ್ಟೇಷನ್ 5, ಐದು ವರ್ಷಗಳ ನಂತರ, 2025ರ ಆಗಸ್ಟ್‌ನಲ್ಲಿ 549 ಡಾಲರ್ ಆಯಿತು. ಎಕ್ಸ್‌ಬಾಕ್ಸ್ ಬೆಲೆಯೂ ಅದೇ ವರ್ಷ ಏರಿತು. ಚಿಪ್‌ಗಳು ಮೊದಲಿನಂತೆ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತಿಲ್ಲ, ಆಮದು ಸುಂಕ ಮತ್ತು ವಿನಿಮಯ ದರದ ಒತ್ತಡ ಬೇರೆ. ಇದರಿಂದ ಲೆಕ್ಕದ ಕ್ರಮವೇ ಬದಲಾಗುತ್ತದೆ. ಮೊದಲು ಬಿಡುಗಡೆ ಬೆಲೆಯನ್ನು ಅತಿ ಹೆಚ್ಚಿನ ಬೆಲೆ ಎಂದು ಬರೆಯುತ್ತಿದ್ದೆ. ಈಗ ಬರಿಯ 'ಇಂದಿನ ಬೆಲೆ' ಎಂದು ಬರೆಯುತ್ತೇನೆ. ಕಾಯುತ್ತಿರುವ ಮನೆಗಳನ್ನು ಮುಂದೆ ಸೇರುವ ಗ್ರಾಹಕರೆಂದು ಎಣಿಸುವುದನ್ನೂ ನಿಲ್ಲಿಸಿದ್ದೇನೆ. ಈ ಸಾಲು ಬರೆಯುವಾಗ ನಿಜವಾಗಿ ಸಂಕಟವಾಗುತ್ತದೆ, ಏಕೆಂದರೆ 99 ಡಾಲರ್‌ಗೆ ಕೊನೆಯಲ್ಲಿ ಕೊಂಡ ಮನೆಯ ಮಗುವೂ ಅದೇ ಆಟಗಳನ್ನು ಆಡಿತ್ತು.

ಒಂದು ಲೆಕ್ಕ ಮಾಡಿ ನೋಡೋಣ

2025ರ ಜೂನ್ 5ರಂದು ಬಂದ ನಿಂಟೆಂಡೊ ಸ್ವಿಚ್ 2. ಬಿಡುಗಡೆಯ ದಿನ ಪೆಟ್ಟಿಗೆಯ ಬೆಲೆ 449 ಡಾಲರ್ 99 ಸೆಂಟ್. 2017ರ ಮೊದಲ ಸ್ವಿಚ್‌ಗಿಂತ 150 ಡಾಲರ್ ಹೆಚ್ಚು. ಗೆರೆ ಎಳೆಯಿರಿ. ಮಾರಿಯೊ ಕಾರ್ಟ್ ವರ್ಲ್ಡ್ ಆಟವನ್ನು ಬೇರೆಯಾಗಿ ಕೊಂಡರೆ ಆಗ ಸುಮಾರು 80 ಡಾಲರ್, ಪೆಟ್ಟಿಗೆಯ ಜೊತೆಯಾಗಿ ಕೊಂಡರೆ ಒಟ್ಟು 500 ಇತ್ತು. ಕಳಚಬಹುದಾದ ಎರಡು ಜಾಯ್-ಕಾನ್‌ಗಳು ಎರಡು ಕಂಟ್ರೋಲರ್‌ಗಳಾಗುವುದರಿಂದ ಇಬ್ಬರು ಮೊದಲ ಸಂಜೆಯೇ ಆಡಬಹುದು. 256 ಜಿಬಿ ಸಂಗ್ರಹ ಒಳಗೇ ಇದೆ, ಕಾರ್ಡ್ ಸದ್ಯಕ್ಕೆ ಬೇಡ. ಮನೆಯಲ್ಲೇ ಕುಳಿತು ಆಡುವವರ ಲೆಕ್ಕ ಇದು, ಆದ್ದರಿಂದ ಆನ್‌ಲೈನ್ ಚಂದಾ ಸೇರಿಸಿಲ್ಲ. ಹೊಸ ಮನೆಗೆ ಮೊದಲ ಸಂಜೆಯ ಬೆಲೆ 500.

ಆದರೆ ಹಳೆಯ ಸ್ವಿಚ್ ಇರುವ ಮನೆಗೆ ಹೀಗಲ್ಲ. ಅಲ್ಲಿರುವ ಬಹುತೇಕ ಆಟಗಳು ಹೊಸ ಯಂತ್ರದಲ್ಲೂ ಓಡುತ್ತವೆ, ಆದ್ದರಿಂದ ಅವರಿಗೆ 450. ಅಂಥ ಸ್ವಿಚ್‌ಗಳು ಪ್ರಪಂಚದಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾಗಿವೆ. ಅಂದರೆ ಒಂದೇ ಪೆಟ್ಟಿಗೆಗೆ ಎರಡು ಮೊದಲ ಸಂಜೆಯ ಬೆಲೆಗಳು, ದೊಡ್ಡ ಗುಂಪಿಗೆ ಕಡಿಮೆಯ ಬೆಲೆ. ಜಪಾನ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜಪಾನಿ ಭಾಷೆಯ ಮಾದರಿಯನ್ನು 49,980 ಯೆನ್‌ಗೂ ಬಹುಭಾಷೆಯ ಮಾದರಿಯನ್ನು 69,980 ಯೆನ್‌ಗೂ ಮಾರಾಟಕ್ಕಿಟ್ಟರು. ಇದನ್ನು ಕಂಡಾಗ ನನ್ನ ಹಳೆಯ ವೃತ್ತಿಯ ಮನಸ್ಸು ಮೆಚ್ಚಿತು. ಖರ್ಚು ತೂಗಿಸುವವರು ಎಲ್ಲಿ ಹಿಂಜರಿಯುತ್ತಾರೆ ಎಂದು ಗೊತ್ತಿದ್ದವರು ಹಾಕಿದ ಬೆಲೆ ಅದು. ಮೊದಲ ನಾಲ್ಕು ದಿನಗಳಲ್ಲಿ 35 ಲಕ್ಷ, ನಾಲ್ಕು ತಿಂಗಳೊಳಗೆ ಒಂದು ಕೋಟಿ ದಾಟಿತು.

ಇಷ್ಟಾದರೂ ಬಲಪುಟವನ್ನು ನಾನು ಇನ್ನೂ ತುಂಬಿಲ್ಲ. ಮೊದಲ ಕೋಟಿ ಬಹುಪಾಲು ಹಳೆಯ ಸ್ವಿಚ್ ಪ್ರೀತಿಸಿದವರದು, 450ರ ಮನೆಗಳದು. 500ರ ಮನೆಗಳು, ಅಂದರೆ ಇದುವರೆಗೆ ಕನ್ಸೋಲ್ ಇಲ್ಲದೆ ಫೋನಿನಲ್ಲೇ ಆಡುತ್ತಿರುವ ಮನೆಗಳು, ಯಾವಾಗ ಬರುತ್ತವೆ ಎಂದು ಮೂರನೆಯ ವರ್ಷದ ಮಾರಾಟ ಹೇಳುತ್ತದೆ. ನೋಟ್‌ಬುಕ್ಕಿನಲ್ಲಿ ಆ ಪುಟಕ್ಕೆ ಒಂದು ಚೀಟಿ ಅಂಟಿಸಿ 2028ರ ಜೂನ್ ಎಂದು ಬರೆದಿದ್ದೇನೆ. ಅಕ್ಕನಿಗೂ ಆ ದಿನ ಫೋನ್ ಮಾಡಬೇಕು. ಅವಳ ಮಗನಿಗೆ ಈಗ ಅವನದೇ ಮನೆಯಿದೆ, ಖರ್ಚು ತೂಗಿಸುವವನು ಅವನೇ.